ಚೊಗರಿನ ಕಲೆ ಹೋಗುವುದಿಲ್ಲ, ಅರಿಶಿನದ ಬಣ್ಣ ನಿಲ್ಲುವುದಿಲ್ಲ: ಕಾರಣವೇನು?

ಪ್ರಶ್ನೆ: ಸಾಗರದ ತೋಟಗಾರ

ಅಡಿಕೆ ಬೇಯಿಸುವ ಹಂಗಾಮಿನಲ್ಲಿ ಚೊಗರು, ಅಂದರೆ ಅಡಿಕೆ ಬೆಂದ ಮೇಲೆ ಹಂಡೆಯಲ್ಲಿ ಉಳಿಯುವ ಬಣ್ಣದ ನೀರು, ಸಿಡಿದ ಪಂಚೆ ಎಷ್ಟು ಒಗೆದರೂ ಮತ್ತೆ ಬೆಳ್ಳಗಾಗುವುದಿಲ್ಲವೆಂಬುದು ಮಲೆನಾಡಿನವರಿಗೆಲ್ಲ ತಿಳಿದ ಸಂಗತಿ. ಆದರೆ ಅರಿಶಿನದಲ್ಲಿ ಅದ್ದಿದ ಹತ್ತಿ ಬಟ್ಟೆ ಬಿಸಿಲಿಗೆ ಬಿಳಿಚಿಕೊಳ್ಳುತ್ತದೆ, ಬೀಟ್‌ರೂಟಿನ ಕೆಂಪಂತೂ ಒಗೆದ ಕೂಡಲೇ ಹೋಗುತ್ತದೆ. ಎಲ್ಲವೂ ಗಿಡದ ಬಣ್ಣಗಳೇ ಆಗಿರುವಾಗ ಈ ವ್ಯತ್ಯಾಸ ಏಕೆ? ಹಂಡೆಯಲ್ಲಿ ಉಳಿಯುವ ಚೊಗರಿನಿಂದ ಮನೆಯಲ್ಲೇ ಬಟ್ಟೆಗೆ ಬಣ್ಣ ಹಾಕುವ ಕ್ರಮವನ್ನು ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ. ಜೊತೆಗೆ, ಗೊನೆ ಕಡಿದ ಮೇಲೆ ತೋಟದಲ್ಲಿ ಕೊಳೆಯುವ ಬಾಳೆಯ ಪಟ್ಟೆಯಿಂದ ತೆಗೆದ ನಾರು ಬಟ್ಟೆ ನೇಯಲು ಬರುತ್ತದೆಯೇ?

ಉತ್ತರ: ಬಣ್ಣದ ಮನೆ

ಅರಿಶಿನದ ಹಳದಿಗೆ ಕಾರಣವಾದ ಕರ್ಕ್ಯುಮಿನ್ ಬೆಳಕಿಗೆ ಒಡೆದುಹೋಗುವ ವಸ್ತು. ಸಾಲದ್ದಕ್ಕೆ ಕ್ಷಾರವಿರುವ ಸೋಪು ತಾಗಿದರೆ ಅದು ಕೆಂಪಗಾಗುತ್ತದೆ. ಅರಿಶಿನಕ್ಕೆ ಸುಣ್ಣ ಬೆರೆಸಿದ ಓಕುಳಿಯ ನೀರು ಕೆಂಪಾಗುವುದೂ ಇದರಿಂದಲೇ.

ಚೊಗರಿನಲ್ಲಿರುವುದು ಮುಖ್ಯವಾಗಿ ಟ್ಯಾನಿನ್, ಅಂದರೆ ನಾಲಗೆಗೆ ಒಗರಾಗಿ ತಾಗುವ ಅಂಶ. ಹತ್ತಿಯ ಎಳೆ ಸೆಲ್ಯುಲೋಸಿನದು. ರೇಷ್ಮೆ ಮತ್ತು ಉಣ್ಣೆಯಲ್ಲಿರುವ ಪ್ರೋಟೀನು ಅದರಲ್ಲಿಲ್ಲವಾದ್ದರಿಂದ ಹೆಚ್ಚಿನ ಗಿಡದ ಬಣ್ಣಗಳನ್ನಾಗಲಿ, ಬಣ್ಣ ಕಚ್ಚಿಸಲು ಬಳಸುವ ಪಟಿಕವನ್ನಾಗಲಿ ಅದು ಸುಲಭವಾಗಿ ಹಿಡಿದಿಟ್ಟುಕೊಳ್ಳುವುದಿಲ್ಲ. ಟ್ಯಾನಿನ್ ಹತ್ತಿಗೂ ಅಂಟುತ್ತದೆ, ಪಟಿಕದಂಥ ಲೋಹದ ಲವಣಗಳನ್ನೂ ಹಿಡಿಯುತ್ತದೆ. ಹತ್ತಿಗೆ ಬಣ್ಣ ಹಾಕುವವರು ಬಟ್ಟೆಯನ್ನು ಮೊದಲು ಟ್ಯಾನಿನ್ ಹೆಚ್ಚಿರುವ ಅಳಲೆಕಾಯಿಯ ನೀರಿನಲ್ಲಿ ನೆನೆಸುವುದು ಇದಕ್ಕಾಗಿಯೇ. ಚೊಗರಿನಲ್ಲಿ ಬಣ್ಣವೂ ಒಗರೂ ಒಟ್ಟಿಗೇ ಇವೆ. ಅಲ್ಲದೆ ಗಾಳಿ ತಾಗಿದಂತೆ ಅದು ಇನ್ನಷ್ಟು ಗಾಢವಾಗಿ, ನೀರಿನಲ್ಲಿ ಕರಗದಂತಾಗುತ್ತದೆ.

ಹೊಸ ಬಟ್ಟೆಯಲ್ಲಿ ನೇಕಾರರು ಹಾಕಿದ ಗಂಜಿಯೂ ಹತ್ತಿಯ ಸಹಜ ಮೇಣವೂ ಇರುತ್ತವೆ. ವಾಷಿಂಗ್ ಸೋಡಾ ಹಾಕಿದ ನೀರಿನಲ್ಲಿ ಸುಮಾರು ಒಂದು ಗಂಟೆ ಕುದಿಸಿ ಇವನ್ನು ತೆಗೆಯದಿದ್ದರೆ ಮುಂದಿನ ಶ್ರಮವೆಲ್ಲ ವ್ಯರ್ಥ, ಬಣ್ಣ ತೇಪೆತೇಪೆಯಾಗಿ ಕೂರುತ್ತದೆ. ಆಮೇಲೆ ಚೊಗರನ್ನು ಸೋಸಿ, ನೀರು ಬೆರೆಸಿ, ಸ್ಟೀಲ್ ಪಾತ್ರೆಯಲ್ಲಿ ಬಿಸಿ ಮಾಡಿ, ಒದ್ದೆ ಬಟ್ಟೆಯನ್ನು ಅದರಲ್ಲಿ ಮುಳುಗಿಸಿ ಆಗಾಗ ಮಗುಚುತ್ತಿರಬೇಕು. ನೆರಳಿನಲ್ಲಿ ಒಣಗಿಸಿದ ನಂತರ ಒಂದು ಕಿಲೋ ಬಟ್ಟೆಗೆ 150ರಿಂದ 200 ಗ್ರಾಂ ಲೆಕ್ಕದಲ್ಲಿ ಪಟಿಕದ ನೀರಿಗೆ ಹಾಕಿ, ಮತ್ತೊಮ್ಮೆ ಚೊಗರಿನಲ್ಲಿ ಅದ್ದಬಹುದು. ನೀವು ಸಾಗರದವರಾದ್ದರಿಂದ ಹೆಗ್ಗೋಡಿನ ಚರಕ ಸಂಸ್ಥೆಗೆ ಒಮ್ಮೆ ಹೋಗಿಬನ್ನಿ. ಅಲ್ಲಿನ ಕೈಮಗ್ಗದ ಬಟ್ಟೆಗಳಿಗೆ ಚೊಗರಿನ ಬಣ್ಣವನ್ನು ಬಳಸುತ್ತಾರೆ.

ಉತ್ತರ: ಮಗ್ಗದ ಗುಣಿ

ಬಾಳೆಯ ನಾರಿನ ಬಗ್ಗೆ ಮಾತ್ರ ಹೇಳುತ್ತೇನೆ. ಅದು ಹತ್ತಿಯಂತೆ ನೂಲಲು ಬಗ್ಗುವ ಎಳೆಯಲ್ಲ. ಹೊರಪಟ್ಟೆಯ ನಾರು ಒರಟು, ಹಗ್ಗ ಮತ್ತು ಚೀಲಕ್ಕೆ ಸರಿ. ಒಳಪಟ್ಟೆಗಳಿಗೆ ಹೋದಂತೆ ನಯವಾಗುತ್ತದೆ. ಮಗ್ಗದಲ್ಲಿ ಹಾಸು ಎನ್ನುವ ಉದ್ದದ ಎಳೆಗಳಿಗೆ ಹತ್ತಿ ನೂಲನ್ನು ಹೂಡಿ, ಹೊಕ್ಕು ಎನ್ನುವ ಅಡ್ಡದ ಎಳೆಗಳಿಗೆ ಬಾಳೆ ನಾರನ್ನು ಕೊಟ್ಟರೆ ಚಾಪೆ, ಪರದೆಗಳಂಥವು ಚೆನ್ನಾಗಿ ಬರುತ್ತವೆ. ಆನೆಗುಂದಿಯ ಮಹಿಳೆಯರು ಇದೇ ನಾರಿನಿಂದ ಚೀಲ, ಬುಟ್ಟಿಗಳನ್ನು ಮಾಡುತ್ತಾರೆ. ಜಪಾನಿನ ಒಕಿನಾವಾದಲ್ಲಿ ಬಾಶೋಫು ಎಂಬ ಉಡುವ ಬಟ್ಟೆಯನ್ನೇ ನೇಯುವುದುಂಟು, ಆದರೆ ಅದಕ್ಕೆ ಹಣ್ಣಿನ ಬಾಳೆಯನ್ನಲ್ಲ, ನಾರಿಗೆಂದೇ ಬೆಳೆಸಿದ ಬಾಳೆಯನ್ನು ಬಳಸುತ್ತಾರೆ. ಎಳೆಗಳನ್ನು ಒಂದೊಂದಾಗಿ ಗಂಟು ಹಾಕಿ ಉದ್ದ ಮಾಡುತ್ತಾರೆ. ಅಷ್ಟು ಕೂಲಿ ಕೊಟ್ಟು ನಮ್ಮ ತೋಟದಲ್ಲಿ ಮಾಡಿಸುವುದು ಗಿಟ್ಟುವ ಮಾತಲ್ಲ.

ಉತ್ತರ: ರಸಾಯನ ಮೇಷ್ಟ್ರು

ಬಣ್ಣದ ಮನೆಯವರ ವಿವರಣೆ ಸರಿಯಾಗಿಯೇ ಇದೆ, ಆದರೆ ಚೊಗರಿಗೆ ಪಟಿಕ ಬೇಕೇ ಬೇಕೆಂದು ನನಗೆ ಅನ್ನಿಸುವುದಿಲ್ಲ. ನಿಮ್ಮ ಪಂಚೆಗೆ ಯಾರೂ ಪಟಿಕ ಹಾಕಿರಲಿಲ್ಲವಲ್ಲ! ಪಟಿಕದಿಂದ ಬಣ್ಣದ ಛಾಯೆ ಬದಲಾಗುತ್ತದೆ, ಬೇಕಾದವರು ಹಾಕಿಕೊಳ್ಳಲಿ. ಕಪ್ಪಿನ ಕಡೆಗೆ ತಿರುಗಿಸಬೇಕಾದರೆ ತುಕ್ಕು ಹಿಡಿದ ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ಹುಳಿಬರಿಸಿ ತೆಗೆದ ನೀರು ಸಾಕು. ಅದನ್ನು ತೀರ ಕಡಿಮೆ ಬಳಸಬೇಕು, ಏಕೆಂದರೆ ಕಬ್ಬಿಣ ಹೆಚ್ಚಾದ ಹತ್ತಿ ಕಾಲಕ್ರಮೇಣ ಜೀರ್ಣವಾಗಿ ಹರಿಯುತ್ತದೆ. ಮೈಲುತುತ್ತ, ಕ್ರೋಮಿಯಂ ಲವಣಗಳನ್ನು ಕೆಲವರು ಸೂಚಿಸುತ್ತಾರೆ. ತೊಳೆದ ನೀರು ತೋಟಕ್ಕೋ ಬಾವಿಯ ಬಳಿಗೋ ಹರಿಯುವ ಮನೆಯಲ್ಲಿ ಅವು ಬೇಡವೇ ಬೇಡ.

ಪ್ರತಿ ಹಂಡೆಯ ಚೊಗರು ಒಂದೇ ಗಟ್ಟಿಯಾಗಿರುವುದಿಲ್ಲವಾದ್ದರಿಂದ ಒಂದು ಸೀರೆಗೆ ಬೇಕಾದಷ್ಟನ್ನು ಒಮ್ಮೆಗೇ ತೆಗೆದಿಟ್ಟುಕೊಳ್ಳಿ. ಮೊದಲು ಒಂದು ತುಂಡಿಗೆ ಬಣ್ಣ ಹಾಕಿ, ಅರ್ಧಕ್ಕೆ ದಪ್ಪ ರಟ್ಟು ಮುಚ್ಚಿ ಬಿಸಿಲು ಬೀಳುವ ಕಿಟಕಿಯಲ್ಲಿ ಕೆಲವು ವಾರ ಇಟ್ಟು ನೋಡಿ. ಎರಡು ಅರ್ಧಗಳ ನಡುವೆ ಗೆರೆ ಎದ್ದು ಕಾಣದಿದ್ದರೆ ಸೀರೆಗೆ ಕೈಹಾಕಬಹುದು.