ವ್ಯಾಖ್ಯೆಗಳು ಬಾಯಿಪಾಠವಾಗಿವೆ, ಆದರೂ ಪ್ರಬಂಧದಲ್ಲಿ ‘ಫ್ರ್ಯಾಗ್ಮೆಂಟ್’ ಗುರುತು: ಪರಿಹಾರ ತಿಳಿಸಿ

ಪ್ರಶ್ನೆ (ಶಿರಸಿ ತಾಲ್ಲೂಕಿನ ತಾಯಿಯೊಬ್ಬರಿಂದ)

ನಮಸ್ಕಾರ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನ್ನ ಮಗಳು ಈಗ ಪ್ರಥಮ ಪಿಯುಸಿಯಲ್ಲಿದ್ದಾಳೆ. ಇಂಗ್ಲಿಷ್ ವ್ಯಾಕರಣ, ಅಲಂಕಾರ ಮತ್ತು ಪ್ರಬಂಧದ ಪಾರಿಭಾಷಿಕ ಪದಗಳನ್ನು ಪರೀಕ್ಷೆಗಾಗಿ ಮತ್ತೊಮ್ಮೆ ಓದಿಕೊಂಡಿದ್ದಾಳೆ. ಯಾವುದರ ವ್ಯಾಖ್ಯೆ ಕೇಳಿದರೂ ತಡವರಿಸದೆ ಹೇಳುತ್ತಾಳೆ. ಆದರೆ ಅಘನಾಶಿನಿ ನದಿಯ ಕುರಿತು ಅವಳು ಬರೆದ ಪ್ರಬಂಧ ತಿದ್ದುಪಡಿಯಾಗಿ ಬಂದಾಗ ಅದರಲ್ಲಿ ಕೆಲವು ಗುರುತುಗಳಿದ್ದವು. ‘ಗೋಯಿಂಗ್ ಟು ದ ರಿವರ್ ಅಂಡ್ ಕಲೆಕ್ಟಿಂಗ್ ಶೆಲ್ಸ್.’ ಎಂಬುದರ ಪಕ್ಕದಲ್ಲಿ ‘ಫ್ರ್ಯಾಗ್ಮೆಂಟ್’, ಅಂದರೆ ಅರ್ಧವಾಕ್ಯ, ಎಂದಿದೆ. ‘ಶಿ ಲುಕ್ಸ್ ಲೈಕ್ ಹರ್ ಮದರ್’ ಎಂಬುದನ್ನು ಅವಳು ಸಿಮಿಲಿ (ಉಪಮೆ) ಎಂದು ಅಡಿಗೆರೆ ಎಳೆದು ತೋರಿಸಿದ್ದನ್ನು ಹೊಡೆದುಹಾಕಿದ್ದಾರೆ. ಮೊದಲ ಪ್ಯಾರಾದ ಕೆಳಗೆ ‘ಥೀಸಿಸ್ (ಪ್ರಬಂಧದ ಮುಖ್ಯ ವಾದ) ಎಲ್ಲಿ?’ ಎಂದು ಕೇಳಿದ್ದಾರೆ. ‘ಲೈಕ್’ ಬಂದರೆ ಸಿಮಿಲಿ ಎಂದೇ ನಾನೂ ಕಲಿತದ್ದು. ತಪ್ಪು ಎಲ್ಲಿದೆ ಎಂಬುದನ್ನು ದಯವಿಟ್ಟು ತಿಳಿಸಬೇಕು.

ಉತ್ತರ (ಕುಮಟಾದ ನಿವೃತ್ತ ಶಿಕ್ಷಕರಿಂದ)

ಅಮ್ಮಾ, ಮಗಳ ಓದಿನಲ್ಲಿ ಕೊರತೆಯಿಲ್ಲ. ಅವಳು ಕನ್ನಡದ ವಾಕ್ಯವನ್ನೇ ಇಂಗ್ಲಿಷ್ ಪದಗಳಲ್ಲಿ ಬರೆಯುತ್ತಿದ್ದಾಳೆ. ನನ್ನ ತರಗತಿಗಳಲ್ಲಿ ಅತಿ ಹೆಚ್ಚು ಕಂಡ ತೊಡಕು ಇದೇ. ‘ನದಿಗೆ ಹೋಗಿ, ನೀರಿಗಿಳಿದು, ಚಿಪ್ಪಿ ಆರಿಸಿ, ಬುಟ್ಟಿ ಹೊತ್ತು ಮನೆಗೆ ಬರುತ್ತಾಳೆ’ ಎಂದು ನಾವು ಕೃದಂತಾವ್ಯಯಗಳನ್ನು, ಅಂದರೆ ‘ಹೋಗಿ’, ‘ಇಳಿದು’ ಎಂಬಂತಹ ಅಪೂರ್ಣ ಕ್ರಿಯಾರೂಪಗಳನ್ನು, ಒಂದರ ಹಿಂದೊಂದು ಪೋಣಿಸುತ್ತೇವೆ. ಕೊನೆಯ ‘ಬರುತ್ತಾಳೆ’ ಒಂದೇ ಪೂರ್ಣಕ್ರಿಯಾಪದ, ಇಂಗ್ಲಿಷಿನ ಮಾತಿನಲ್ಲಿ ಫೈನೈಟ್ ವರ್ಬ್. ನಿಮ್ಮ ಮಗಳು ‘ಹೋಗಿ’, ‘ಆರಿಸಿ’ ಎಂಬವುಗಳನ್ನು ‘ಗೋಯಿಂಗ್’, ‘ಕಲೆಕ್ಟಿಂಗ್’ ಎಂದು ಮಾಡಿಕೊಂಡು, ಆ ಕೊನೆಯ ಕ್ರಿಯಾಪದ ಬರುವ ಮೊದಲೇ ಪೂರ್ಣವಿರಾಮ ಹಾಕಿದ್ದಾಳೆ. ಅದರಲ್ಲಿ ಕರ್ತೃಪದವೂ ಇಲ್ಲ.

ಇದಕ್ಕೊಂದು ಪರೀಕ್ಷೆಯಿದೆ. ವಾಕ್ಯದ ಮುಂದೆ ಒಮ್ಮೆ ‘ದಿನಾಲೂ’ ಎಂದೂ ಒಮ್ಮೆ ‘ನಿನ್ನೆ’ ಎಂದೂ ಸೇರಿಸಿ ಓದಲಿ. ಆಗ ರೂಪ ಬದಲಿಸುವ ಪದವೇ ಪೂರ್ಣಕ್ರಿಯಾಪದ. ‘ಬರುತ್ತಾಳೆ’ ಎಂಬುದು ‘ಬಂದಳು’ ಆಗುತ್ತದೆ, ‘ಹೋಗಿ’ ಹಾಗೆಯೇ ಉಳಿಯುತ್ತದೆ. ಅದೇ ರೀತಿ ‘ಶಿ ಗೋಸ್’ ಎಂಬುದು ‘ಶಿ ವೆಂಟ್’ ಆಗುತ್ತದೆ, ಆದರೆ ಬರಿಯ ‘ಗೋಯಿಂಗ್’ ಎಷ್ಟು ನಿನ್ನೆಗಳು ಬಂದರೂ ಬದಲಾಗುವುದಿಲ್ಲ. ‘ನನ್ನ ತಂದೆ ಅಡಿಕೆ ಬೆಳೆಗಾರ’ ಎಂಬ ಕನ್ನಡ ವಾಕ್ಯಕ್ಕೆ ಕ್ರಿಯಾಪದವೇ ಬೇಡವಾದ್ದರಿಂದ ‘ಮೈ ಫಾದರ್ ಎ ಫಾರ್ಮರ್’ ಎಂದು ಬರೆಯುವ ಮಕ್ಕಳೂ ಇದ್ದಾರೆ; ಅಲ್ಲಿ ‘ಈಸ್’ ಬಿಟ್ಟುಹೋಗಿರುವುದು ಇದೇ ಪರೀಕ್ಷೆಯಿಂದ ತಿಳಿಯುತ್ತದೆ.

ಸಿಮಿಲಿಯ ವಿಷಯದಲ್ಲಿ, ಕನ್ನಡ ತರಗತಿಯಲ್ಲಿ ಕಲಿತ ಉಪಮಾಲಂಕಾರವನ್ನು ನೆನಪಿಸಿಕೊಂಡರೆ ಸಾಕು. ಉಪಮೇಯ, ಉಪಮಾನ, ಸಮಾನಧರ್ಮ, ಉಪಮಾವಾಚಕ ಎಂಬ ನಾಲ್ಕು ಅಂಗಗಳಲ್ಲಿ ‘ಲೈಕ್’ ಎಂಬುದು ವಾಚಕ, ಅಂದರೆ ಹೋಲಿಕೆಯನ್ನು ಸೂಚಿಸುವ ಪದ, ಮಾತ್ರ. ಬೇರೆ ಜಾತಿಯ ಎರಡು ವಸ್ತುಗಳ ನಡುವೆ ಹೋಲಿಕೆ ಕಂಡಾಗ ಅದು ಅಲಂಕಾರವಾಗುತ್ತದೆ. ಮಗಳು ತಾಯಿಯನ್ನು ಹೋಲುವುದು ನಿಜ ಸಂಗತಿ, ಅದರಲ್ಲಿ ಅಲಂಕಾರವಿಲ್ಲ. ‘ಐ ಲೈಕ್ ದ ರಿವರ್’ ಎಂಬಲ್ಲಂತೂ ‘ಲೈಕ್’ ಕ್ರಿಯಾಪದವೇ ಆಗಿದೆ. ‘ನದಿ ಬೆಳ್ಳಿಯ ಪಟ್ಟಿಯಂತೆ’ ಎಂದರೆ ಸಿಮಿಲಿ. ವಾಚಕ ಬಿಟ್ಟು, ನದಿಯೇ ಬೆಳ್ಳಿಯ ಪಟ್ಟಿ ಎಂದು ಅಭೇದ ಹೇಳಿದರೆ ಮೆಟಫರ್, ಅಂದರೆ ನಮ್ಮ ರೂಪಕ.

ಮರುಪ್ರಶ್ನೆ (ಶಿರಸಿಯ ತಾಯಿ)

ಮಾಸ್ತರರೇ, ‘ನಿನ್ನೆ’ ಪರೀಕ್ಷೆಯಿಂದ ಅವಳು ತನ್ನದೇ ಪ್ರಬಂಧದಲ್ಲಿ ಇನ್ನೂ ಎರಡು ಅರ್ಧವಾಕ್ಯಗಳನ್ನು ಹುಡುಕಿದಳು. ಆದರೆ ‘ರೇನಿಂಗ್ ಹೆವಿಲಿ, ದ ರಿವರ್ ಫ್ಲಡೆಡ್’ ಎಂಬುದರಲ್ಲಿ ‘ಫ್ಲಡೆಡ್’ ಎಂಬ ಪೂರ್ಣಕ್ರಿಯಾಪದ ಇದೆಯಲ್ಲ, ಅದಕ್ಕೂ ಏಕೆ ಸುತ್ತು ಹಾಕಿದ್ದಾರೆ?

ಉತ್ತರ (ಕಾರವಾರದ ಉಪನ್ಯಾಸಕಿಯೊಬ್ಬರಿಂದ)

ಅಕ್ಕಾ, ‘ಜೋರು ಮಳೆ ಬಂದು ಹೊಳೆ ತುಂಬಿತು’ ಎಂಬುದು ಒಳ್ಳೆಯ ಕನ್ನಡ. ಬಂದದ್ದು ಮಳೆ, ತುಂಬಿದ್ದು ಹೊಳೆ; ಎರಡು ಕರ್ತೃಗಳಿದ್ದರೂ ನಮ್ಮ ಕಿವಿಗೆ ತೊಂದರೆಯಿಲ್ಲ. ಇಂಗ್ಲಿಷಿನಲ್ಲಿ ಮಾತ್ರ ಅಲ್ಪವಿರಾಮದ ಹಿಂದಿನ ಇಂತಹ ಪದಗುಚ್ಛವು ಮುಂದಿನ ಕರ್ತೃಪದಕ್ಕೇ ಅಂಟಿಕೊಳ್ಳುವುದರಿಂದ, ನದಿಯೇ ಮಳೆ ಸುರಿಸಿದಂತೆ ಅರ್ಥ ಬರುತ್ತದೆ. ಇದಕ್ಕೆ ಡ್ಯಾಂಗ್ಲಿಂಗ್ ಪಾರ್ಟಿಸಿಪಲ್ ಎನ್ನುತ್ತಾರೆ. ‘ಇಟ್ ರೇನ್ಡ್ ಹೆವಿಲಿ, ಅಂಡ್ ದ ರಿವರ್ ಫ್ಲಡೆಡ್’ ಎಂದು ಬಿಡಿಸಿ ಬರೆದರೆ ಸರಿಯಾಗುತ್ತದೆ.

ಅಲಿಟರೇಶನ್, ಅಂದರೆ ಒಂದೇ ಧ್ವನಿ ಮರುಕಳಿಸುವ ಅಲಂಕಾರ, ಓದುವಾಗಲೂ ಜಾಗರೂಕತೆ ಇರಲಿ. ನಮ್ಮ ಆದಿಪ್ರಾಸ ಸಾಲಿನ ಎರಡನೆಯ ಅಕ್ಷರದಲ್ಲಿ ನಿಲ್ಲುತ್ತದೆ, ಇಂಗ್ಲಿಷ್ ಅಲಿಟರೇಶನ್ ಸಾಮಾನ್ಯವಾಗಿ ಪದದ ಮೊದಲ ಧ್ವನಿಯಲ್ಲಿ. ಎಣಿಸಬೇಕಾದದ್ದು ಧ್ವನಿಯನ್ನು, ಬರೆದ ಅಕ್ಷರವನ್ನಲ್ಲ. ‘ನೈಫ್’ ಪದದ ಕಾಗುಣಿತ ‘ಕೆ’ಯಿಂದ ಆರಂಭವಾದರೂ ಅದು ‘ನೈಟ್’, ‘ನಾಯ್ಸ್’ ಜೊತೆಗೇ ಸೇರುತ್ತದೆ.

ಇನ್ನು ಥೀಸಿಸ್. ‘ಅಘನಾಶಿನಿ ಶಿರಸಿಯಲ್ಲಿ ಹುಟ್ಟಿ ಕುಮಟಾ ತಾಲ್ಲೂಕಿನಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ’ ಎಂಬುದನ್ನು ಯಾರೂ ಅಲ್ಲಗಳೆಯಲಾರರು, ಆದ್ದರಿಂದ ಅದನ್ನು ಸಾಧಿಸಿ ತೋರಿಸುವ ಅಗತ್ಯವೂ ಇಲ್ಲ. ‘ಸಿಹಿನೀರು, ಉಪ್ಪುನೀರು ಬೆರೆಯುವ ಅಳಿವೆಯಲ್ಲಿ ಚಿಪ್ಪಿ ಆರಿಸುವವರ ಬದುಕು ನಿಂತಿರುವುದರಿಂದ, ಮೇಲ್ಭಾಗದ ನೀರಿನ ಬಗ್ಗೆ ನಿರ್ಧರಿಸುವಾಗ ಅವರ ಮಾತನ್ನೂ ಕೇಳಬೇಕು’ ಎಂದರೆ ಅದು ವಾದ; ಒಪ್ಪದವರೂ ಇರುತ್ತಾರೆ, ಕಾರಣ ಕೊಡಬೇಕಾಗುತ್ತದೆ. ಪ್ರತಿ ಪ್ಯಾರಾದ ಟಾಪಿಕ್ ಸೆಂಟೆನ್ಸ್, ಅಂದರೆ ಅದರ ಮುಖ್ಯ ವಿಷಯ ಹೇಳುವ ವಾಕ್ಯ, ಆ ಕಾರಣಗಳಲ್ಲಿ ಒಂದನ್ನು ಹೊತ್ತಿರಲಿ.

ಶಿರಸಿಯ ತಾಯಿ

ಅವಳು ಮೊದಲ ಪ್ಯಾರಾವನ್ನು ಪೂರ್ತಿ ಹೊಡೆದು ಹೊಸದಾಗಿ ಬರೆಯುತ್ತಿದ್ದಾಳೆ. ಚಿಪ್ಪಿಯವರ ಬಗ್ಗೆ ತನಗೆ ಏನೂ ತಿಳಿಯದು, ಭಾನುವಾರ ಅಳಿವೆಯ ಬಳಿಯ ತದಡಿಗೆ ಕರೆದೊಯ್ಯಬೇಕು ಎಂದು ಅಪ್ಪನನ್ನು ಕೇಳಿದ್ದಾಳೆ.