ಲಾಂಗ್ ಜಂಪ್: 8.99 ಹಾರಿದ ಮೇಲೂ ವಿಶ್ವದಾಖಲೆ 8.95 ಯಾಕೆ?

ಮರಳುಗುಂಡಿ
ಪುರುಷರ ಲಾಂಗ್ ಜಂಪ್ ವಿಶ್ವದಾಖಲೆ 1991ರಿಂದ ಅಮೆರಿಕದ ಮೈಕ್ ಪೊವೆಲ್ ಹಾರಿದ 8.95 ಮೀಟರಿನಲ್ಲೇ ನಿಂತಿದೆ. ಆದರೆ ಹಳೆಯ ಫಲಿತಾಂಶ ತೆಗೆದು ನೋಡಿದರೆ ಅದೇ ಪೊವೆಲ್ 1992ರಲ್ಲಿ 8.99, ಕ್ಯೂಬಾದ ಇವಾನ್ ಪೆಡ್ರೊಸೊ 1995ರಲ್ಲಿ 8.96 ಹಾರಿದ್ದಾರೆ. ಎರಡೂ ಇಟಲಿಯ ಸೆಸ್ಟ್ರಿಯೆರ್‌ನಲ್ಲಿ. ಇವು ಯಾಕೆ ಲೆಕ್ಕಕ್ಕಿಲ್ಲ? ಅಮೆರಿಕದ ಬಾಬ್ ಬೀಮನ್ 1968ರ ಒಲಿಂಪಿಕ್ಸ್‌ನಲ್ಲಿ ಹಾರಿದ 8.90 ಕೂಡ ಮೆಕ್ಸಿಕೊ ಸಿಟಿಯ ಗಾಳಿಯ ಪುಣ್ಯ ಅನ್ನುವವರಿದ್ದಾರಲ್ಲ, ಎಷ್ಟು ನಿಜ?

ಗಾಳಿಲೆಕ್ಕ
ಹಿಂಬದಿಯ ಗಾಳಿ ಸೆಕೆಂಡಿಗೆ 2.0 ಮೀಟರ್ ದಾಟಿದರೆ ಜಿಗಿತ ಸ್ಪರ್ಧೆಯಲ್ಲಿ ನಡೆಯುತ್ತದೆ, ಪದಕವೂ ಸಿಗುತ್ತದೆ, ದಾಖಲೆಗೆ ಮಾತ್ರ ಬರುವುದಿಲ್ಲ. ಪೊವೆಲ್ 8.99 ಹಾರಿದಾಗ ಗಾಳಿ 4.4. ಅಲ್ಲಿಗೆ ಮುಗಿಯಿತು.

ಪೆಡ್ರೊಸೊ ಕಥೆ ಬೇರೆ. ಗಾಳಿ ಅಳೆಯುವ ಮಾಪಕ ತೋರಿಸಿದ್ದು 1.2, ನಿಯಮದೊಳಗೇ ಇದೆ. ಆದರೆ ಆ ಹೊತ್ತಿಗೆ ಮಾಪಕದ ಮುಂದೆ ಒಬ್ಬರು ಅಡ್ಡ ನಿಂತಿದ್ದು ವಿಡಿಯೊದಲ್ಲಿ ಸಿಕ್ಕಿತು, ದಾಖಲೆಗೆ ಮಾನ್ಯತೆ ಸಿಗಲಿಲ್ಲ. ಮಾಪಕ ಇರುವುದು ಟೇಕ್-ಆಫ್ ಗೆರೆಯಿಂದ (ಜಿಗಿಯುವಾಗ ಕಾಲು ದಾಟಬಾರದ ಗೆರೆ) 20 ಮೀಟರ್ ಹಿಂದೆ, ರನ್‌ವೇ ಪಕ್ಕದಲ್ಲಿ, 1.22 ಮೀಟರ್ ಎತ್ತರಕ್ಕೆ. ಜಿಗಿತಗಾರ ಗೆರೆಗೆ 40 ಮೀಟರ್ ದೂರದ ಗುರುತು ದಾಟಿದ ಕ್ಷಣದಿಂದ 5 ಸೆಕೆಂಡಿನ ಸರಾಸರಿ ತೆಗೆಯುತ್ತಾರೆ. ಅಷ್ಟು ಹೊತ್ತು ಅದರ ಮುಂದೆ ಯಾರೋ ನಿಂತರೆ ಆ ಸಂಖ್ಯೆಯನ್ನು ನಂಬುವುದು ಹೇಗೆ?

ಅಂದಹಾಗೆ, ಬೆನ್ನಗಾಳಿ ಬರೀ ವರವಲ್ಲ. ಹೆಜ್ಜೆ ಉದ್ದವಾಗಿ ಕಾಲು ಗೆರೆ ದಾಟುತ್ತದೆ, ಫೌಲ್. ಅದಕ್ಕೇ ಓಟ ಶುರುಮಾಡುವ ಗುರುತನ್ನು ಹಿಂದಕ್ಕೆ ಸರಿಸಿಕೊಳ್ಳುತ್ತಾರೆ.

ಹಳೇ_ಅಂಕಿಅಂಶ
ಬೀಮನ್ ವಿಷಯ. 1968ರ ಅಕ್ಟೋಬರ್ 18, ಗಾಳಿ ಸರಿಯಾಗಿ 2.0, ಊರು ಸಮುದ್ರಮಟ್ಟಕ್ಕಿಂತ ಸುಮಾರು 2,240 ಮೀಟರ್ ಮೇಲೆ. ಅಲ್ಲಿ ಗಾಳಿಯ ಸಾಂದ್ರತೆ ನಾಲ್ಕನೇ ಒಂದು ಪಾಲಿನಷ್ಟು ಕಡಿಮೆ, ಓಟದ ವೇಗಕ್ಕೆ ತಡೆಯೂ ಕಡಿಮೆ. ಸಹಾಯ ಆಗಿದೆ, ಒಪ್ಪೋಣ. ಆದರೆ ಅದುವರೆಗಿನ 8.35ರ ದಾಖಲೆ ಹಂಚಿಕೊಂಡಿದ್ದ ರಾಲ್ಫ್ ಬೋಸ್ಟನ್, ಇಗೊರ್ ಟೆರ್-ಒವನೇಸ್ಯಾನ್ ಇಬ್ಬರೂ ಅದೇ ಫೈನಲ್‌ನಲ್ಲಿದ್ದರು. ಬೋಸ್ಟನ್ 8.16, ಟೆರ್-ಒವನೇಸ್ಯಾನ್ 8.12. ಬೀಮನ್ ಹಾರಿದ ಮೇಲೆ ಮಳೆ ಬಂತು, ಉಳಿದವರಿಗೆ ಕಷ್ಟವಾಯಿತು ಎನ್ನುವುದೂ ಸರಿಯೇ. ಆದರೂ 55 ಸೆಂಟಿಮೀಟರ್ ಅಂತರವನ್ನು ಎತ್ತರದ ತಲೆಗೆ ಕಟ್ಟಲಾಗದು. ಅಳೆಯಲು ಇಟ್ಟಿದ್ದ ಉಪಕರಣ ಅಷ್ಟು ದೂರಕ್ಕೆ ಎಟುಕಲೇ ಇಲ್ಲ, ಉಕ್ಕಿನ ಟೇಪ್ ತಂದು ಅಳೆದರು.

ಹೋಲಿಕೆಗೆ: ಜೆಸ್ಸಿ ಓವೆನ್ಸ್ 1935ರಲ್ಲಿ ಹಾರಿದ 8.13ರಿಂದ 8.35 ತಲುಪಲು ಮೂವತ್ತು ವರ್ಷ ಬೇಕಾಯಿತು. ಅದರಲ್ಲೂ ಮೊದಲ 25 ವರ್ಷ ಓವೆನ್ಸ್ ದಾಖಲೆ ಅಲುಗಲೇ ಇಲ್ಲ.

ಮರಳುಗುಂಡಿ
ಧನ್ಯವಾದ. ಹಾಗಾದರೆ 1991ರ ಟೋಕಿಯೊ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 8.95 ಹಾರಿ ಪೊವೆಲ್ ಗೆದ್ದದ್ದು ಗಾಳಿಯಿಂದ ಅಲ್ಲವಲ್ಲ?

ಕೊನೆಹೆಜ್ಜೆ
ಅಲ್ಲವೇ ಅಲ್ಲ. 1991ರ ಆಗಸ್ಟ್ 30, ಗಾಳಿ ಬರೀ 0.3. ಗಾಳಿ ಸಿಕ್ಕಿದ್ದು ಎದುರಾಳಿ ಕಾರ್ಲ್ ಲೂಯಿಸ್‌ಗೆ: ನಾಲ್ಕನೇ ಸುತ್ತಿನ 8.91, ಗಾಳಿ 2.9. ಐದನೇ ಸುತ್ತಿನಲ್ಲಿ ಪೊವೆಲ್ 8.95. ಆಮೇಲೆ ಲೂಯಿಸ್ 0.2 ಎದುರುಗಾಳಿಯಲ್ಲಿ 8.87, ಕೊನೆಗೆ 8.84. ನನ್ನ ಮಟ್ಟಿಗೆ ಆ ಸಂಜೆಯ ಅತ್ಯುತ್ತಮ ಸರಣಿ ಸೋತವರದ್ದೇ.

ಲೂಯಿಸ್ ಐದು ದಿನ ಮೊದಲು 100 ಮೀಟರ್ ಓಟವನ್ನು 9.86 ಸೆಕೆಂಡಿನಲ್ಲಿ ಮುಗಿಸಿ ವಿಶ್ವದಾಖಲೆ ಮಾಡಿದ್ದರು. ಜಿಗಿತದ ಓಟದಲ್ಲಿ ಇಬ್ಬರ ವೇಗವೂ ಸೆಕೆಂಡಿಗೆ 11 ಮೀಟರ್ ಆಸುಪಾಸು. ಪೊವೆಲ್ ಎದ್ದ ಕೋನ ಮಾತ್ರ ಹೆಚ್ಚು ಕಡಿದು. ವೇಗ ಕಳೆದುಕೊಳ್ಳದೆ ಹಾಗೆ ಮೇಲೇಳುವುದೇ ಕಷ್ಟ. ಕೊನೆಯ ಹೆಜ್ಜೆಗೆ ಹಿಂದಿನದು ತುಸು ಉದ್ದ, ಸೊಂಟ ಸ್ವಲ್ಪ ಕೆಳಗೆ. ಕೊನೆಯದು ಗಿಡ್ಡ, ಪಾದ ಚಪ್ಪಟೆಯಾಗಿ ಬೋರ್ಡ್ (ಜಿಗಿಯುವ ಹಲಗೆ) ಮೇಲೆ. ಸೊಂಟ ಜಾಸ್ತಿ ಇಳಿದರೆ ವೇಗ ಸಾಯುತ್ತದೆ, ಪಾದ ತೀರಾ ಮುಂದೆ ಬಿದ್ದರೆ ಬ್ರೇಕ್ ಹಾಕಿದಂತೆ. ಸೊಂಟ ಇಳಿಸದೆಯೇ ಓಡಿದರೆ ಎತ್ತರ ಸಿಗದೆ ಮರಳಿಗೆ ಬೇಗ ಬೀಳುತ್ತಾರೆ.

ಬೋರ್ಡ್ ಅಗಲ 20 ಸೆಂಟಿಮೀಟರ್. ಅಳತೆ ಪಾದ ಇಟ್ಟ ಜಾಗದಿಂದಲ್ಲ, ಬೋರ್ಡಿನ ಮರಳಿನ ಕಡೆಯ ಅಂಚಿನಿಂದ. 10 ಸೆಂಟಿಮೀಟರ್ ಹಿಂದೆ ಕಾಲಿಟ್ಟು 9 ಮೀಟರ್ ಹಾರಿದರೂ ಫಲಿತಾಂಶದಲ್ಲಿ ಕಾಣುವುದು 8.90.

ಹಳೇ_ಅಂಕಿಅಂಶ
ಲಾಂಗ್ ಜಂಪ್ ವಿಶ್ವದಾಖಲೆಗಳ ಪಟ್ಟಿಯ ಇನ್ನೊಂದು ಸೋಜಿಗ: 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ರಾಬರ್ಟ್ ಲಿಜೆಂಡರ್ 7.76ರ ವಿಶ್ವದಾಖಲೆ ಹಾರಿದ್ದು ಐದು ಸ್ಪರ್ಧೆಗಳು ಸೇರಿದ ಪೆಂಟಾಥ್ಲಾನ್‌ನಲ್ಲಿ, ಅಲ್ಲಿ ಸಿಕ್ಕಿದ್ದು ಕಂಚು. ಮರುದಿನ ಲಾಂಗ್ ಜಂಪ್ ಚಿನ್ನ ಡಿಹಾರ್ಟ್ ಹಬ್ಬರ್ಡ್‌ಗೆ, ಆ ದಾಖಲೆಗೆ 30 ಸೆಂಟಿಮೀಟರ್‌ಗಿಂತಲೂ ಹೆಚ್ಚು ಬಾಕಿ ಇರುವಷ್ಟೇ ದೂರ ಹಾರಿ. ಹಬ್ಬರ್ಡ್ ಬಾಕಿ ಇಟ್ಟುಕೊಳ್ಳಲಿಲ್ಲ. 1925ರಲ್ಲಿ ಶಿಕಾಗೊದಲ್ಲಿ 7.89 ಹಾರಿ ದಾಖಲೆಯನ್ನೂ ಕಿತ್ತುಕೊಂಡರು.