ಎಂವಿಎಗೆ ಗ್ರಾಫಿಕ್ಸ್ ತಗೊಳ್ಳಬೇಕು ಅಂತಿದ್ದೇನೆ, ಕಾಲೇಜು ಹೇಗೆ ಆರಿಸಲಿ?

ಬೆಣ್ಣೆನಗರಿ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಬಿವಿಎ (ದೃಶ್ಯಕಲೆಯ ಪದವಿ) ಪೇಂಟಿಂಗ್ ಕೊನೇ ವರ್ಷದಲ್ಲಿದ್ದೇನೆ. ಹೋದ ವರ್ಷ ಹತ್ತು ದಿನದ ವುಡ್‌ಕಟ್ (ಮರದ ಹಲಗೆ ಕೆತ್ತಿ ಅಚ್ಚು ತೆಗೆಯೋದು) ಕಾರ್ಯಾಗಾರಕ್ಕೆ ಹೋಗಿದ್ದೆ. ಅವತ್ತಿನಿಂದ ಕ್ಯಾನ್ವಾಸ್ ಮುಂದೆ ಕೂತರೂ ಕೈ ಉಳಿಯನ್ನೇ ಹುಡುಕುತ್ತದೆ. ಮುಂದಿನ ಸ್ನಾತಕೋತ್ತರ ಪದವಿ ಎಂವಿಎಗೆ ಗ್ರಾಫಿಕ್ಸ್ ತಗೊಳ್ಳಬೇಕು ಅಂತ ಮನಸ್ಸು ಗಟ್ಟಿ ಮಾಡಿದ್ದೇನೆ.

ಅಪ್ಪನಿಗೆ ಗ್ರಾಫಿಕ್ಸ್ ಅಂದರೆ ಕಂಪ್ಯೂಟರ್. "ಫ್ಲೆಕ್ಸ್ ಡಿಸೈನ್ ಕಲಿಯೋಕೆ ಎರಡು ವರ್ಷ ಯಾಕಮ್ಮ" ಅಂತಾರೆ. ಮೈಸೂರು, ಬೆಂಗಳೂರು, ಬರೋಡಾ, ಶಾಂತಿನಿಕೇತನ ನಾಲ್ಕೂ ತಲೆಯಲ್ಲಿವೆ. ಎಚಿಂಗ್ (ಲೋಹದ ಪ್ಲೇಟನ್ನು ಆಸಿಡ್‌ನಿಂದ ಕೊರೆದು ಅಚ್ಚು ತೆಗೆಯೋದು) ಮಾಡಿದ್ದು ಒಂದೇ ಪ್ಲೇಟು, ಅದೂ ಕೆಟ್ಟಿತು. ಓದಿದವರು ಯಾರಾದರೂ ದಾರಿ ಹೇಳಿ.

ಕಲ್ಲಚ್ಚು_ಧಾರವಾಡ

ತಂಗೀ, ಮೊದಲು ಅಪ್ಪನ ವಿಷಯ. ಫೈನ್ ಆರ್ಟ್ಸ್ ಕಾಲೇಜುಗಳಲ್ಲಿ ಗ್ರಾಫಿಕ್ಸ್ ಅಂದರೆ ಅಚ್ಚಿನ ಕಲೆ. ವುಡ್‌ಕಟ್, ಲಿನೋ, ಎಚಿಂಗ್, ಲಿಥೋ, ಸ್ಕ್ರೀನ್ ಎಲ್ಲ ಅದರಲ್ಲೇ ಬರುತ್ತವೆ. ಅಪ್ಪ ಹೇಳುತ್ತಿರುವುದು ಅಪ್ಲೈಡ್ ಆರ್ಟ್ಸ್, ಅಂದರೆ ಜಾಹೀರಾತು, ಡಿಸೈನ್ ಕಡೆಯದು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಬಾಸೆಲ್ ಮಿಷನ್ನಿನವರ ಪ್ರೆಸ್ಸಿನಲ್ಲಿ ಕಲ್ಲಚ್ಚಿನಲ್ಲೇ ಬಂತು. ಅದೇ ಲಿಥೋ. ನಮ್ಮ ಮನೆಯಲ್ಲೂ ಇದೇ ಮಾತು ಬಂದಿತ್ತು. ಈ ಕಥೆ ಹೇಳಿದ ಮೇಲೆ ನಮ್ಮಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಕಲ್ಲು ನೋಡಬಹುದಾ?" ಅಂತ ಕೇಳಿದರು.

ಇನ್ನು ಕಾಲೇಜು. ಮೈಸೂರಿನ ಚಾಮರಾಜೇಂದ್ರ ಅಕಾಡೆಮಿ, ಬೆಂಗಳೂರಿನ ಚಿತ್ರಕಲಾ ಪರಿಷತ್ತು ಎರಡೂ ನಮ್ಮವೇ. ಬರೋಡಾಕ್ಕೆ ಅಚ್ಚಿನ ಕಲಾವಿದ ಜ್ಯೋತಿ ಭಟ್ ಅವರಂಥವರ ಹಿನ್ನೆಲೆ ಇದೆ. ಶಾಂತಿನಿಕೇತನದ ಗ್ರಾಫಿಕ್ಸ್ ಅಂದರೆ ಅಲ್ಲಿ ಕಲಿಸಿದ ಕಲಾವಿದ ಸೋಮನಾಥ್ ಹೋರ್. ಅವರ 'ವೂಂಡ್ಸ್' ಸರಣಿಯನ್ನು ಸಿಕ್ಕಿದಲ್ಲಿ ನೋಡು. ಬಹುಪಾಲು ಬಿಳಿ ಕಾಗದದ ಪಲ್ಪು ಅಷ್ಟೇ. ಬಣ್ಣವೇ ಇಲ್ಲದೆ ಗಾಯ ಕಾಣುತ್ತದೆ. ನಾನು ಗ್ರಾಫಿಕ್ಸ್ ತಗೊಂಡಿದ್ದೇ ಅದನ್ನು ನೋಡಿ.

ಆದರೆ ಅರ್ಜಿ ಹಾಕುವ ಮುಂಚೆ ಒಂದು ದಿನ ಹೋಗಿ ಪ್ರೆಸ್ ರೂಮು ನೋಡಿ ಬಾ. ಸಂಜೆ ಎಷ್ಟು ಗಂಟೆಗೆ ಬೀಗ ಹಾಕುತ್ತಾರೆ ಕೇಳು. ಆಸಿಡ್ ಕೋಣೆಯಲ್ಲಿ ಎಕ್ಸಾಸ್ಟ್ ಫ್ಯಾನ್ ತಿರುಗುತ್ತಿದೆಯಾ ನೋಡು, ಇದು ಶ್ವಾಸಕೋಶದ ಪ್ರಶ್ನೆ. ಎಚಿಂಗ್ ಪ್ರೆಸ್ಸಿನಲ್ಲಿ ಕಾಗದದ ಮೇಲೆ ಹೊದಿಸುವ ಉಣ್ಣೆಯ ಬ್ಲಾಂಕೆಟ್ ಮುಟ್ಟಿ ನೋಡು. ರೊಟ್ಟಿ ಹಾಗೆ ಬಿರುಸಾಗಿದ್ದರೆ ಅದನ್ನು ಒಗೆದು ಬಹಳ ಕಾಲವಾಗಿದೆ ಅಂತ. ನಾನು ಓದಿದ ಕಡೆ (ಹೆಸರು ಬೇಡ) ಒಳ್ಳೊಳ್ಳೆ ಲಿಥೋ ಕಲ್ಲುಗಳಿದ್ದವು. ಪ್ರೆಸ್ ಕೆಟ್ಟಿತ್ತು. ನನ್ನ ಎರಡು ವರ್ಷವೂ ಆ ಕಲ್ಲುಗಳ ಮೇಲೆ ಹಳೇ ಪೇಪರ್ ಕಟ್ಟು ಕೂತಿದ್ದವು. ಲಿಥೋ ಕಲಿಯದೇ ಡಿಗ್ರಿ ತಗೊಂಡು ಬಂದೆ. ಆ ಸಂಕಟ ಇವತ್ತಿಗೂ ಹೋಗಿಲ್ಲ.

ಮತ್ತೆ ಪ್ರೆಸ್ ಸಹಾಯಕರು ಯಾರು ಅಂತ ವಿಚಾರಿಸು. ನನಗೆ ಅಕ್ವಾಟಿಂಟ್ (ಎಚಿಂಗ್‌ನಲ್ಲಿ ಗೆರೆಯ ಬದಲು ಛಾಯೆ ತರುವ ವಿಧಾನ) ಹೇಳಿಕೊಟ್ಟವರು ನಮ್ಮ ಪ್ರೆಸ್ ಸಹಾಯಕರೇ. ಮೊದಲ ಸೆಮಿಸ್ಟರಿನಲ್ಲಿ ನಾಲ್ಕು ಜಿಂಕ್ ಪ್ಲೇಟ್ ಹಾಳು ಮಾಡಿದ್ದೆ. ರಾಳದ ಪುಡಿಯನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿ, ತಟ್ಟಿ ತಟ್ಟಿ ಪ್ಲೇಟಿನ ಮೇಲೆ ಉದುರಿಸಬೇಕು. ಆಮೇಲೆ ಕೆಳಗಿನಿಂದ ಕಾಯಿಸಬೇಕು. ಪುಡಿ ಮೊದಲು ಹಿಟ್ಟು ಚೆಲ್ಲಿದ ಹಾಗೆ ಬೆಳ್ಳಗಿರುತ್ತದೆ. ಕಾದ ಕಡೆಯಿಂದ ಒಂದೊಂದೇ ಜಾಗ ತಿಳಿಯಾಗುತ್ತಾ ಬರುತ್ತದೆ. ಪೂರ್ತಿ ತಿಳಿಯಾದ ಕೂಡಲೇ ಬೆಂಕಿ ತೆಗೆಯಬೇಕು. ಜಾಸ್ತಿ ಕಾದರೆ ಹನಿಗಳು ಒಂದಕ್ಕೊಂದು ಕೂಡಿಕೊಂಡು ಆಸಿಡ್ ಇಳಿಯೋಕೆ ಜಾಗವೇ ಇರಲ್ಲ. ಕಮ್ಮಿಯಾದರೆ ಪುಡಿ ಆಸಿಡ್‌ನಲ್ಲಿ ಎದ್ದು ಹೋಗುತ್ತದೆ. ಅವರು ಗಡಿಯಾರ ನೋಡುತ್ತಿರಲಿಲ್ಲ. ಬಗ್ಗಿ, ಕಣ್ಣನ್ನು ಪ್ಲೇಟಿನ ಮಟ್ಟಕ್ಕೆ ತಂದು, "ಈಗ" ಅನ್ನುತ್ತಿದ್ದರು. ಆ "ಈಗ" ನನಗೆ ಗೊತ್ತಾಗೋಕೆ ಒಂದು ವರ್ಷ ಬೇಕಾಯಿತು. ಇದಕ್ಕೇ ತಂಗಿ, ಎರಡು ವರ್ಷ ಬೇಕು ಅಂತ ಅಪ್ಪನಿಗೆ ಹೇಳು.

ಕುಕ್ಕರಹಳ್ಳಿ_ಕೆರೆ

ಅಕ್ಕ ಹೇಳಿದ್ದು ಸರಿ. ಪೋರ್ಟ್‌ಫೋಲಿಯೋ ಬಗ್ಗೆ ನನ್ನದೊಂದು ಮಾತು. ಪೇಂಟಿಂಗ್ ಓದಿದವರನ್ನು ತಗೊಳ್ಳುತ್ತಾರಾ ಅನ್ನೋದನ್ನು ಆಯಾ ಕಾಲೇಜಿನ ಆ ವರ್ಷದ ಪ್ರಕಟಣೆಯಲ್ಲೇ ನೋಡಿ. ನನ್ನ ಬ್ಯಾಚಿನಲ್ಲಿ ಹಾಗೆ ಬಂದವರು ಇಬ್ಬರಿದ್ದರು. ಅವರಲ್ಲಿ ಒಬ್ಬರು ಒಂದೇ ಲಿನೋದಿಂದ ಹತ್ತು ಪ್ರಿಂಟು ತೆಗೆದು, ಪೆನ್ಸಿಲ್‌ನಲ್ಲಿ 1/10, 2/10 ಅಂತ ಬರೆದು ತಂದಿದ್ದರು. ಹತ್ತೂ ಒಂದೇ ಥರ ಇದ್ದವು. ಸಂದರ್ಶನದಲ್ಲಿ ಮೇಷ್ಟ್ರು ಅದನ್ನೇ ತಿರುಗಿಸಿ ತಿರುಗಿಸಿ ನೋಡಿದರಂತೆ.

ಪ್ರೆಸ್ ಇಲ್ಲ ಅಂತ ಕೂರಬೇಡಿ. ಲಿನೋ, ವುಡ್‌ಕಟ್‌ಗೆ ಚಮಚದ ಬೆನ್ನಿನಿಂದ ಉಜ್ಜಿದರೂ ಪ್ರಿಂಟು ಬರುತ್ತದೆ. ಡ್ರೈಪಾಯಿಂಟ್ (ಆಸಿಡ್ ಇಲ್ಲದೆ ಸೂಜಿಯಿಂದಲೇ ಪ್ಲೇಟ್ ಗೀರೋದು) ಗೀರೋಕೆ ಪ್ರಿಂಟಿಂಗ್ ಪ್ರೆಸ್ಸಿನವರು ಬಿಸಾಕುವ ಆಫ್‌ಸೆಟ್ ಪ್ಲೇಟ್ ಸಾಕು. ಓದು ಮುಗಿದ ಮೇಲೂ ಇದೇ ಕೈ ಹಿಡಿಯುತ್ತದೆ. ಎಚಿಂಗ್ ಪ್ರೆಸ್ ಕೊಳ್ಳೋದು ಎಲ್ಲರಿಗೂ ಆಗೋ ಮಾತಲ್ಲ.

ಬೆಣ್ಣೆನಗರಿ

ಅಕ್ಕ, ಅಣ್ಣ, ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಅಪ್ಪನಿಗೆ ಮಂಗಳೂರಿನ ಕಥೆ ಹೇಳಿದೆ. "ಅಕ್ಷರ ಉಲ್ಟಾ ಬರೀಬೇಕಲ್ವಾ ಹಂಗಾದ್ರೆ?" ಅಂತ ಅವರೇ ಕೇಳಿದರು. ವುಡ್‌ಕಟ್‌ನಲ್ಲಿ ನಾನು ಉಲ್ಟಾ ಕೆತ್ತಿದ 'ಅ' ತೋರಿಸಿದೆ. ಕನ್ನಡಿ ತಂದು ಹಿಡಿದು ಓದಿದರು. ಮುಂದಿನ ವಾರ ಇಬ್ಬರೂ ಮೈಸೂರಿಗೆ ಹೋಗುತ್ತಿದ್ದೇವೆ, ಪ್ರೆಸ್ ರೂಮು ನೋಡೋಕೆ.

ಕೆಟ್ಟ ಪ್ಲೇಟು ಇನ್ನೂ ಇಟ್ಟಿದ್ದೇನೆ ಅಕ್ಕ. ಆಸಿಡ್ ಜಾಸ್ತಿ ಹೊತ್ತಾಗಿ ಒಂದು ಮೂಲೆ ಪೂರ್ತಿ ತಿಂದುಹೋಗಿದೆ. ಏನಾದರೂ ಮಾಡಬಹುದಾ?

ಕಲ್ಲಚ್ಚು_ಧಾರವಾಡ

ಎಸೆಯಬೇಡ. ಸ್ಕ್ರೇಪರ್‌ನಿಂದ ಕೆರೆದು, ಬರ್ನಿಷರ್‌ನಿಂದ ಎಣ್ಣೆ ಹಾಕಿ ಉಜ್ಜಿದರೆ ಅರ್ಧಕ್ಕರ್ಧ ಸರಿಹೋಗುತ್ತದೆ. ಉಳಿದಿದ್ದು ಕೆಲವು ಸಲ ನಾವು ಗೀಚಿದ್ದಕ್ಕಿಂತ ಚೆನ್ನಾಗಿರುತ್ತದೆ. ಧಾರವಾಡ ನಿಮಗೆ ದೂರವೇನಲ್ಲ. ಮೈಸೂರಿಂದ ಬಂದ ಮೇಲೆ ಒಂದು ಶನಿವಾರ ಪ್ಲೇಟು ಹಿಡಿದು ಬಾ, ಅಪ್ಪನನ್ನೂ ಕರ್ಕೊಂಡು ಬಾ. ಬರುವ ದಿನ ಮುಂಚೆ ತಿಳಿಸು, ಪ್ರಿಂಟು ತೆಗೆಯೋಕೆ ಕಾಗದ ಹಿಂದಿನ ರಾತ್ರಿಯೇ ನೆನೆಸಿಡುತ್ತೇನೆ.